ಸಾವಂತ್ರವ್ವ ಹಾಕಿದ ಬೀಗ

ಸಾವಂತ್ರವ್ವ ಮರಾಠಿ ಸೀಮೆಯ ಕಾತ್ರಜದಲ್ಲಿ ರೊಟ್ಟಿ ಖಾನಾವಳಿ ನಡೆಸುವವಳು. ಮಾರ್ಕೆಟ್ ಯಾರ್ಡಿನಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡಿ ಬದನೆಕಾಯಿ ಮಾರುವವನ ಬೆವರಿಳಿಸುವ ಹೆಂಗಸು. ಆದರೆ ಜಾಗದ ಮಾಲೀಕ ಕೋರ್ಟಿಗೆ ಎಳೆದಾಗ ಮಾತ್ರ, "ನಾ ಕನ್ನಡದಾಗ ಹೇಳಾಕಿ. ಮರಾಠಿ ಮಾಡಿ ತಿಳಿಸಾಕ ಒಬ್ರು ಬೇಕು" ಎಂದು ಪಟ್ಟು ಹಿಡಿದಳು.

ಮಾಲೀಕನ ದಾವೆ ಇಷ್ಟೇ: ಈಕೆ ಖಾನಾವಳಿಗೆ ಬೀಗ ಜಡಿದು ದೂರದ ನಿಗಡಿಯಲ್ಲಿರುವ ಮಗನ ಮನೆ ಸೇರಿದ್ದಾಳೆ, ಜಾಗ ಬಿಡಿಸಿಕೊಡಿ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಸಾವಂತ್ರವ್ವ ಸೋತರೆ ಒಲೆ ಹೋಗಿ, ಮಗನ ಮನೆಯ ಸೋಫಾದ ಮೇಲೆ ಕೂತು ಸೀರಿಯಲ್ ನೋಡುವುದೊಂದೇ ಉಳಿಯುತ್ತಿತ್ತು. ಅವಳಿಗೆ ಅದು ಜೈಲಿಗಿಂತ ಕಡೆ.

ಮೊದಲು ಕೆಲವು ಸಲ ಬರೀ ತಾರೀಖು ಸಿಕ್ಕಿತು. ಒಮ್ಮೆ ವಕೀಲರಿಗೆ ಕೆಮ್ಮು, ಒಮ್ಮೆ ಫೈಲೇ ನಾಪತ್ತೆ. ಕೊನೆಗೆ ಅವಳು ಕಟಕಟೆ ಹತ್ತಿದ ದಿನ ದುಭಾಷಿಯಾಗಿ ಬಂದವರು ಸಿದ್ದಾರೂಢ. ನಿವೃತ್ತ ಗುಮಾಸ್ತರು, ಕನ್ನಡ ಸಂಘದ ಖಾಯಂ ನಿರೂಪಕರು. ಯಾರ ಮಾತನ್ನೂ ಬೆಲ್ಲದಲ್ಲಿ ಅದ್ದದೆ ಸಭೆಗೆ ದಾಟಿಸಿದವರಲ್ಲ. ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆಂದು ಅವರೂ ಪ್ರಮಾಣ ಮಾಡಿದರು, ಪಾಪ.

"ಖಾನಾವಳಿಗೆ ಬೀಗ ಹಾಕಿದ್ದು ನಿಜವೇ?" ಎಂದು ಮಾಲೀಕನ ವಕೀಲರು ಕೇಳಿದರು.

"ಹೌದ್ರಿ, ಹಾಕಿದ್ದೆ. ಸೊಸಿ ಬಾಣಂತನ ಮುಗಿಯೂತನಕ ನಿಗಡಿಯೊಳಗಿದ್ದೆ. ಆಮ್ಯಾಲ ಬಂದು ಒಲಿ ಹಚ್ಚೀನಿ. ತಾರೀಖ್ ಕೊಟ್ಟು ಕೊಟ್ಟು ಸಾಹೇಬ್ರ ಕೈ ನೋಯ್ತಿರಬೇಕು. ಒಂದಿನ ಬಂದು ನನ್ನ ಒಲಿ ನೋಡಿದ್ರ ಮುಗೀತಿತ್ತು."

ಸಿದ್ದಾರೂಢರು ನ್ಯಾಯಾಧೀಶರಿಗೊಂದು ನಮಸ್ಕಾರ ಹಾಕಿದರು. ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಹೇಳಿದರು: "ಸಾಕ್ಷಿಗೆ ಈ ನ್ಯಾಯಾಲಯದ ಮೇಲೆ ಅಪಾರ ಗೌರವವಿದೆ. ಮೊಮ್ಮಗು ಹುಟ್ಟಿದ ಸಂತೋಷಕ್ಕೆ ಆಗಾಗ ನಿಗಡಿಗೆ ಹೋಗಿಬರುತ್ತಿದ್ದರು."

"ಏನ್ರಿ ಸಿದ್ದಾರೂಢಪ್ಪಾ!" ಸಾವಂತ್ರವ್ವ ಕಟಕಟೆ ಕುಟ್ಟಿದಳು. "ನಾ ಹಾಕಿದ ಬೀಗ ಎಲ್ಲಿ ನುಂಗಿದ್ರಿ? ಖರೇ ಹೇಳ್ತೀನಂತ ಆಣಿ ಮಾಡೀನಿ!"

ಬಳಿಕ ನ್ಯಾಯಾಧೀಶರತ್ತ ತಿರುಗಿ, ಬೀಗ, ಬಾಣಂತನ, ತಾರೀಖು ಒಂದನ್ನೂ ಬಿಡದೆ ಅಚ್ಚ ಮರಾಠಿಯಲ್ಲಿ ಒಪ್ಪಿಸಿದಳು. ಇಡೀ ಕೋರ್ಟು ನಕ್ಕಿತು. ಮಾಲೀಕನ ವಕೀಲರಂತೂ ಬೀಗ ಸಿಕ್ಕಿತೆಂದು ಹಿಗ್ಗಿದರು.

"ಅಜ್ಜಿ, ಇಷ್ಟು ಚೆಂದದ ಮರಾಠಿ ಬರುತ್ತದೆ. ಮತ್ತೆ ದುಭಾಷಿ ಯಾಕೆ ಬೇಕಿತ್ತು?" ನ್ಯಾಯಾಧೀಶರೂ ನಗುತ್ತಲೇ ಕೇಳಿದರು.

"ಒಂದು ಸಲ ಹೇಳಿದರೆ ಇಲ್ಲಿ ಯಾರೂ ಕೇಳುವುದಿಲ್ಲ ಸಾಹೇಬರೇ. ಅದಕ್ಕೇ ಎರಡೆರಡು ಸಲ ಹೇಳಿಸೋಣ ಅಂದುಕೊಂಡೆ." ಸಾವಂತ್ರವ್ವ ಮರಾಠಿಯಲ್ಲೇ ಅಂದಳು.

ನಗು ನಿಂತಿತು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವಳಿಗೆ ಕುರ್ಚಿ ಹಾಕಿಸಿ, "ಮೊದಲಿಂದ ಹೇಳಿ, ಕೇಳುತ್ತೇನೆ" ಎಂದರು. ನಿಜಕ್ಕೂ ಕೇಳಿದರು.

ದಾವೆ ವಜಾ ಆಯಿತು. ತನಗೇ ತೊಡಕಾಗುವ ಬೀಗವನ್ನು ಮುಚ್ಚಿಡದವಳು ಒಲೆಯ ವಿಷಯದಲ್ಲಿ ಸುಳ್ಳಾಡಲಾರಳು ಎಂದು ತೀರ್ಪಿನಲ್ಲಿತ್ತು.

ಮರುದಿನ ಸಿದ್ದಾರೂಢರು ಊಟಕ್ಕೆ ಬಂದರು. ಸಾವಂತ್ರವ್ವ ಬಿಸಿ ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿಯ ರಂಜಕ ಧಾರಾಳವಾಗಿ ಬಡಿಸಿ, ಎದುರಿಗೇ ನಿಂತಳು.

"ಹೆಂಗ ಅದ?"

"ಭಾಳ ಸೊಗಸಾದ..." ಎಂದು ರೂಢಿಯಂತೆ ಶುರುಮಾಡಿದವರ ಕಣ್ಣಲ್ಲಿ ನೀರು ಬಂತು. "ಖಾರ ಅದರಿ ಅವ್ವಾ! ಬಾಯಿ ಸುಟ್ಟು ಹೋತು!"

"ಈಗ ಆಣಿ ಉಳಿಸ್ಕೊಂಡ್ರಿ ನೋಡ್ರಿ" ಎಂದು ಸಾವಂತ್ರವ್ವ ರೊಟ್ಟಿಗೆ ಬೆಣ್ಣೆ ಹಾಕಿದಳು.