ಮರಿಗಳಿಗೆ ಕಟ್ಟಿದ ಮುಳ್ಳುಹೊರೆ

ಹೊಳೆನರಸೀಪುರದ ಪೇಟೆ ಕಾಲುವೆಗೆ ಎರಡೂ ಕಡೆ ಕಾಂಕ್ರೀಟು ಬಡಿದ ಮೇಲೆ ಮೀನುಮರಿಗಳಿಗೆ ಅಡಗಲು ಒಂದು ಹುಲ್ಲುಕಡ್ಡಿಯೂ ಉಳಿದಿರಲಿಲ್ಲ. ಹುಟ್ಟಿದ್ದೆಲ್ಲ ಸೆಳವಿಗೆ ಕೊಚ್ಚಿಹೋಗುತ್ತಿತ್ತು. ನೋಡಲಾರದೆ ಸಂಘಮಿತ್ರಾ ತನ್ನ ಅಪ್ಪ ಚಲುವಯ್ಯನ ಜೊತೆ ಸೇರಿ ಸೊಪ್ಪಿನ ಹೊರೆ ಕಟ್ಟಿ ಸೇತುವೆಯ ಕೆಳಗೆ ಮುಳುಗಿಸಿದಳು. ಬಲೆಯವರು ಕಿತ್ತೆಸೆದರು. ಆಮೇಲೆ ಜಾಲಿಮುಳ್ಳಿನ ಹೊರೆ ಕಟ್ಟಿ, ಎಲ್ಲವನ್ನೂ ಒಂದೇ ಹಗ್ಗದಲ್ಲಿ ಪೋಣಿಸಿ ದಡದ ಗೂಟಕ್ಕೆ ಬಿಗಿದಳು. ಈ ಮಳೆಗಾಲ ಗೆಂಡೆಮೀನಿನ ಮರಿಗಳು ಅಲ್ಲಿ ಕಪ್ಪಗೆ ಮುತ್ತಿಕೊಂಡವು. ಊರಿನವರು ಸೇತುವೆ ಮೇಲೆ ನಿಂತು ನೋಡಿ ಹೊಗಳುತ್ತಿದ್ದರು. ಯಾವುದು ಹೊಗಳಿಕೆ, ಯಾವುದು ಜೊಲ್ಲು ಅನ್ನುವುದು ಪಾಪ ಅವಳಿಗೆ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ದೇವರಾಜ ಬಂದು ಬಲೆ ಬೀಸಿದ. ಹಿರೀಸಾವೆಯ ಹೋಟೆಲುಗಳಿಗೆ ಮರಿಮೀನು ಮಾರುವ ಆಸಾಮಿ ಅವನು.

"ಬಲೆ ಎತ್ಕಳಪ್ಪ ದೇವರಾಜ, ಇನ್ನೂ ಮರಿ ಕಣಪ್ಪ ಅವು," ಎಂದು ಚಲುವಯ್ಯ ಅಡ್ಡ ನಿಂತ.

"ಕಾಲುವೆ ನಿಮ್ಮಪ್ಪಂದೇನ್ಲಾ? ಸರ್ಯಲಾ ಮುದ್ಕ!"

ದೇವರಾಜ ಬಿದಿರುಗಳದಲ್ಲಿ ಮುದುಕನ ತಲೆಗೇ ಬಾರಿಸಿದ. ನೆತ್ತಿ ಒಡೆಯಿತು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಸೇತುವೆ ಮೇಲಿದ್ದವರು ಮೊಬೈಲು ಎತ್ತಿ ಹಿಡಿದರೇ ಹೊರತು ಒಬ್ಬರೂ ಕೆಳಗಿಳಿಯಲಿಲ್ಲ.

ಸಂಘಮಿತ್ರಾ ಮಚ್ಚು ಹಿಡಿದು ಓಡಿಬರುವಷ್ಟರಲ್ಲಿ ಬಲೆ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ದೇವರಾಜ ನೀರಿಗೆ ಧುಮುಕಿದ. ಮುಳುಗಿದವನು ಮೇಲೆ ಬರಲಿಲ್ಲ. ಗುಳ್ಳೆ ಬಂತು, ಅದರ ಹಿಂದೆ ರಕ್ತ ಬಂತು. ಒಂದು ಕೈ ಮಾತ್ರ ಹೊರಗೆ ಚಾಚಿ, ಮುಳ್ಳುಕೊಂಬೆಯನ್ನೇ ಹಿಡಿದು, ಸೀಳಿಕೊಂಡು ಮತ್ತೆ ಒಳಗೆ ಹೋಯಿತು.

ಹಗ್ಗ ಕಡಿದರೆ ಹೊರೆಗಳು ಬಿಚ್ಚಿಕೊಂಡು ಅವನು ಬದುಕುತ್ತಾನೆ. ಆದರೆ ಮರಿಗಳ ಮನೆ ಹೊಳೆಪಾಲಾಗುತ್ತದೆ.

"ಕಡೀಬ್ಯಾಡ ಕಣವ್ವ!" ಬಿದ್ದಲ್ಲಿಂದಲೇ ಚಲುವಯ್ಯ ಅರಚಿದ. "ಸಾಯ್ಲಿ ಬುಡು ಆ ಬೇವರ್ಸಿ!"

ಸಾಯಲಿ ಅಂತ ಅವಳಿಗೂ ಅನಿಸಿತು. ಸುಳ್ಳು ಯಾಕೆ, ಚೆನ್ನಾಗಿಯೇ ಅನಿಸಿತು. ಆದರೆ ಕೈ ಕೇಳಲಿಲ್ಲ. ಮಚ್ಚು ಬೀಸಿ ಹಗ್ಗ ಕಡಿದಳು. ಹೊರೆಗಳು ಹೊರಳಿ ಎದ್ದವು. ನಡುವೆ ಕಂಡ ಕೂದಲಿಗೇ ಕೈಹಾಕಿ ದೇವರಾಜನನ್ನು ದಡಕ್ಕೆ ಎಳೆದು ಹಾಕಿದಳು. ಹಣೆ, ಕೆನ್ನೆ ಎಲ್ಲ ಹರಿದು, ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಅವನು ನೀರು ಕಕ್ಕಿ ಉಸಿರಾಡಿದ.

ಮರೆ ಕಳೆದುಕೊಂಡ ಮರಿಗಳು ಬಿಸಿಲಿಗೆ ಮಿನುಗಿದವು. ಅದನ್ನು ಕಂಡಿದ್ದೇ ತಡ, ಸೇತುವೆ ಮೇಲಿದ್ದವರೆಲ್ಲ ಕೆಳಗೆ ನುಗ್ಗಿದರು. ಕೈಗೆ ಸಿಕ್ಕ ಪಂಚೆ, ಟವಲು, ಬಕೆಟು!

"ಬರ್ರಲಾ, ಓಯ್ತಾ ಅವೆ, ಬರ್ರಲಾ!"

ಚಲುವಯ್ಯನ ಕೈ ತುಳಿದುಕೊಂಡೇ ನೀರಿಗಿಳಿದರು. ಒಂದು ಬಕೆಟಿಗಾಗಿ ಇಬ್ಬರು ಹೊಡೆದಾಡಿ, ಒಬ್ಬನ ಹಲ್ಲು ಉದುರಿತು.

ದೇವರಾಜನೂ ಕಣ್ಣೊರೆಸಿಕೊಂಡು ಎದ್ದ. ಅವಳ ಮುಖ ನೋಡಲಿಲ್ಲ. ಹರಿದ ಬಲೆ ಎಳೆದುಕೊಂಡು ಜನರ ನಡುವೆ ನುಗ್ಗಿದ.

ಹಗ್ಗ ಕಡಿಯಬಾರದಿತ್ತು ಅಂತ ಸಂಘಮಿತ್ರಾಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ. ವೇಲು ಬಿಚ್ಚಿ ಅಪ್ಪನ ತಲೆಗೆ ಬಿಗಿದಳು. ಮಚ್ಚು ಎತ್ತಿಕೊಂಡು ದೇವರಾಜನ ಹಿಂದೆ ನೀರಿಗಿಳಿದಳು.