ಹತ್ತು ಓಟು, ನೂರಾ ಹದಿನೆಂಟು ಮೆಟ್ಟಿಲು

ನಮ್ಮ ಪಕ್ಷ ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲೇ ಎದ್ದು ಹೋಗುತ್ತೀರಿ. ಪೆನ್ಸಿಲ್ವೇನಿಯಾದಲ್ಲಿ ಇರುವವು ಎರಡು ಪಕ್ಷ. ನಮ್ಮದು ಒಂದು, ಇನ್ನೊಂದನ್ನು ನಾವು ‘ಆ ಪಕ್ಷ’ ಎನ್ನುತ್ತೇವೆ. ಅವರೂ ನಮ್ಮನ್ನು ಹಾಗೆಯೇ ಕರೆಯುತ್ತಾರೆ.

ನನ್ನ ಹೆಸರು ಬರ್ನಡೆಟ್ ಹುದಾಕ್. ಮೂವತ್ತೊಂದು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನಲ್ಲಿ ಯಾರು ಚ್ಯೂಯಿಂಗ್ ಗಮ್ ಅಂಟಿಸಿದರೆಂದು ಕನ್ನಡಿ ನೋಡದೆ ಹೇಳಬಲ್ಲೆ. ಹೀಗಿದ್ದ ನಾನು ಪಕ್ಷದ ಸ್ಥಳೀಯ ಸಮಿತಿಗೆ ನಿಂತದ್ದು ಕೋಪದಿಂದ. ಸೇವೆ, ತ್ಯಾಗ ಅಂತೆಲ್ಲ ಹೇಳಿದರೆ ನನ್ನ ಗಂಡ ರೀಜಿಸ್ ನಕ್ಕುಬಿಡುತ್ತಾನೆ.

ಕೋಪ ಬಂದದ್ದು ಮತಗಟ್ಟೆಯ ವಿಷಯಕ್ಕೆ. ನಾವಿರುವ ಫೆರಿ ಬೀದಿ ನದಿಯ ದಂಡೆಗಿದೆ. ಮೊದಲಿನಿಂದಲೂ ಬೀದಿಯ ಅಗ್ನಿಶಾಮಕ ದಳದ ಕಟ್ಟಡದಲ್ಲೇ ಮತ ಹಾಕುತ್ತಿದ್ದೆವು. ಎರಡು ವರ್ಷದ ಹಿಂದೆ ಮತಗಟ್ಟೆಯನ್ನು ದಿಣ್ಣೆಯ ಮೇಲಿನ ಶಾಲೆಗೆ ಎತ್ತಿಕೊಂಡು ಹೋದರು. ಅಲ್ಲಿಗೆ ನೂರಾ ಹದಿನೆಂಟು ಮೆಟ್ಟಿಲು. ಕಾರಿನ ದಾರಿ ಆ ಚಳಿಗಾಲದಲ್ಲೇ ಗುಡ್ಡ ಕುಸಿದು ಮುಚ್ಚಿತು. ಎರಡು ಸೇತುವೆ ಸುತ್ತಿ ಬಂದರೆ ನಲವತ್ತು ನಿಮಿಷ. ಬೀದಿಯ ಮುದುಕರೆಲ್ಲ ಮತ ಹಾಕುವುದನ್ನೇ ಬಿಟ್ಟರು. ‘ಯಾರದಾದರೂ ಆಕ್ಷೇಪ ಇದೆಯೇ’ ಎಂದು ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಕೇಳಿದಾಗ ಆಕ್ಷೇಪಿಸಬೇಕಾದ ನಮ್ಮ ಬೀದಿಯ ಸಮಿತಿ ಸ್ಥಾನ ಎಂಟು ವರ್ಷದಿಂದ ಖಾಲಿ. ಪಕ್ಷದ ಸಮಿತಿಯ ಅಧ್ಯಕ್ಷ ಡೆನ್ನಿ ಮೆಕಾಲಿಫ್ ‘ಇಲ್ಲ’ ಎಂದು ತಾನೇ ಸಹಿ ಹಾಕಿ ಕಳಿಸಿದ. ಡೆನ್ನಿಯ ಮನೆ ಇರುವುದು ದಿಣ್ಣೆಯ ಮೇಲೆ, ಶಾಲೆಯ ಎದುರಿಗೆ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಮತ ಹಾಕುವಷ್ಟು ಹತ್ತಿರ.

ಅರ್ಜಿ ಹಾಕುವ ಕೊನೆಯ ದಿನ ನನಗೆ ತಿಳಿಯುವ ಹೊತ್ತಿಗೆ ಕಳೆದುಹೋಗಿತ್ತು. ಹಾಗಾಗಿ ಮತಪತ್ರದಲ್ಲಿ ನನ್ನ ಹೆಸರು ಅಚ್ಚಾಗಲಿಲ್ಲ. ಆದರೆ ಅಲ್ಲೊಂದು ಖಾಲಿ ಗೆರೆ ಇರುತ್ತದೆ. ಮತದಾರರು ಅದರ ಮೇಲೆ ಕೈಯಲ್ಲಿ ಹೆಸರು ಬರೆದು ಪಕ್ಕದ ಸೊನ್ನೆಯನ್ನು ಕಪ್ಪು ಮಾಡಿದರೆ ಅದೂ ಓಟೇ. ಹಾಗೆ ಹತ್ತು ಜನ ಬರೆದರೆ ಸ್ಥಾನ ನನ್ನದು. ಒಂಬತ್ತಾದರೆ ಮತ್ತೆ ಖಾಲಿ. ಖಾಲಿಯಾದ ಸ್ಥಾನಕ್ಕೆ ಈ ಸಲ ಡೆನ್ನಿ ತನ್ನ ಭಾವಮೈದುನನನ್ನು ಕೂರಿಸುತ್ತಾನೆ, ಮತಗಟ್ಟೆ ಎಂದೆಂದಿಗೂ ಮೇಲೆಯೇ.

ಬೀದಿಯಲ್ಲಿ ಮನೆಮನೆಗೆ ಹೋಗಿ ಹತ್ತು ಹೆಸರಿನ ಪಟ್ಟಿ ಮಾಡಿದೆ. ಹತ್ತೂ ಜನರಿಂದ ಮಾತು ತೆಗೆದುಕೊಂಡೆ. ಮೊದಲ ಹೆಸರು ರೀಜಿಸ್. ಬೋಣಿ ಮನೆಯವನಿಂದಲೇ ಆಗಲಿ ಎಂದು ಮೇ ತಿಂಗಳ ಆ ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವನನ್ನು ಮುಂದೆ ಬಿಟ್ಟುಕೊಂಡು ಸಾಲಿನಲ್ಲಿ ನಿಂತೆ.

ಮತಗಟ್ಟೆಯ ಅಧಿಕಾರಿ ವಾಲ್ಟರ್ ಗಡಿಯಾರಕ್ಕೆ ಹುಟ್ಟಿದವನು. ನಗುವುದು ಕಡಿಮೆ. ದಫ್ತರದಲ್ಲಿ ಬೆರಳಾಡಿಸಿ ತಲೆಯೆತ್ತಿದ.

“ರೀಜಿಸ್, ನಿನ್ ಹೆಸ್ರು ಈ ಪಟ್ಟೀಲಿಲ್ಲ ಕಣಯ್ಯ. ಅದ್ರಲ್ಲಿದೆ.”

“ಯಾವ್ದ್ರಲ್ಲಿ?” ಎಂದೆ ನಾನು, ಹಿಂದಿನಿಂದ.

“ಆ ಪಕ್ಷದ್ರಲ್ಲಿ.”

ಪಕ್ಷದೊಳಗಿನ ಚುನಾವಣೆ ಅದು. ಯಾವ ಪಕ್ಷದಲ್ಲಿ ಹೆಸರು ನೋಂದಾಯಿಸಿದ್ದೀರೋ ಆ ಪಕ್ಷದ ಮತಪತ್ರವನ್ನಷ್ಟೇ ಕೊಡುತ್ತಾರೆ. ರೀಜಿಸ್‌ನ ಕಿವಿ ಬೀಟ್‌ರೂಟಿನಂತಾಯಿತು.

“ಅದು ಏನಾಯ್ತು ಅಂದ್ರೆ ಬರ್ನಿ... ತೊಂಬತ್ತೇಳ್ರಲ್ಲಿ ನಮ್ ಲೂ ಷೆರಿಫ್ ಆಗೋಕೆ ನಿಂತಿದ್ನಲ್ಲ. ಮೀನು ಹಿಡಿಯೋಕೆ ಜೊತೇಲಿ ಬರ್ತಿದ್ದೋನು. ಪಾಪ ಅವ್ನಿಗೊಂದು ಓಟು ಹಾಕೋಣ ಅಂತ ಪಕ್ಷ ಬದಲಾಯಿಸ್ದೆ. ವಾಪಸ್ ಬರೋಕೆ ಮರ್ತೋಯ್ತು.”

“ಲೂ ಗೆದ್ನಾ?”

“ಇಲ್ಲ.”

“ಇಪ್ಪತ್ತೊಂಬತ್ ವರ್ಷ! ಇಪ್ಪತ್ತೊಂಬತ್ ವರ್ಷ ವಿರೋಧ ಪಕ್ಷಕ್ಕೆ ಪಿರೋಗಿ ಕಡುಬು ಬೇಯಿಸಿ ಹಾಕಿದ್ದೀನಲ್ಲೋ ನಾನು! ನಾನು ಸಂಜೆ ಬಸ್ ನಿಲ್ಸಿ ಬಂದು ಓಟು ಹಾಕ್ತಿದ್ದೆ, ನೀನು ಬೆಳಿಗ್ಗೇನೇ ಹೋಗಿ ಬರ್ತಿದ್ದೆ. ಈಗ ಗೊತ್ತಾಯ್ತು ಯಾಕೆ ಅಂತ!”

“ಬೆಳಿಗ್ಗೆ ರಶ್ ಇರಲ್ಲ ಅಂತ ಕಣೇ...”

“ಗಂಡ ಹೆಂಡ್ತಿ ಜಗಳ ಬಾಗಿಲಿಂದ ಆಚೆ,” ಎಂದ ವಾಲ್ಟರ್. “ಹೋಗಮ್ಮ, ಹೊರಗೆ ಹೋಗು.”

ಹೋದೆ. ರೀಜಿಸ್ ತಲೆ ತಗ್ಗಿಸಿಕೊಂಡು ಆ ಪಕ್ಷದ ಮತಪತ್ರ ತೆಗೆದುಕೊಂಡು ಪರದೆಯ ಹಿಂದೆ ಹೋದ. ನಾನು ಪಟ್ಟಿಯ ಮೊದಲ ಹೆಸರಿನ ಮೇಲೆ ಎಷ್ಟು ಜೋರಾಗಿ ಗೀಟೆಳೆದೆನೆಂದರೆ ಹಾಳೆ ಹರಿಯಿತು. ಹತ್ತರಲ್ಲಿ ಒಂಬತ್ತು ಉಳಿಯಿತು. ಹೊಸಬರನ್ನು ಎಲ್ಲಿಂದ ತರುವುದು? ಬೀದಿಯಲ್ಲಿ ನಮ್ಮ ಪಕ್ಷದವರೇ ಕಡಿಮೆ, ಅದರಲ್ಲಿ ಮೆಟ್ಟಿಲು ಹತ್ತುವ ಮಂಡಿ ಇರುವವರು ಇನ್ನೂ ಕಡಿಮೆ.

ಆದರೂ ನಿಂತೆ. ನಿಯಮದ ಪ್ರಕಾರ ಬಾಗಿಲಿನಿಂದ ಹತ್ತು ಅಡಿ ದೂರ ನಿಂತು, ನನ್ನ ಹೆಸರು ಬರೆದ ಚೀಟಿ ಹಂಚುತ್ತ, “ಹೆಸ್ರು ಬರೆದ್ರೆ ಸಾಲ್ದು, ಪಕ್ಕದ ಸೊನ್ನೆ ಕಪ್ಪು ಮಾಡಿ” ಎಂದು ಗಂಟಲು ಹರಿದುಕೊಂಡೆ. ಬೇಕರಿಯ ಟ್ರೂಡಿ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಬಂದು ಹಾಕಿದಳು. ಅಗ್ನಿಶಾಮಕ ದಳದ ಅವಳಿ ಹುಡುಗರು, ಇಬ್ಬರಿಗೂ ನಲವತ್ತಾಗಿದ್ದರೂ ನಮಗೆ ಹುಡುಗರೇ, ಓಡುತ್ತ ಬಂದು ಓಡುತ್ತ ಹೋದರು. ಕ್ಷೌರದಂಗಡಿಯ ಪಾಲ್ ನನ್ನ ಚೀಟಿಯ ಮೇಲೆ ನನ್ನ ಹಸ್ತಾಕ್ಷರ ಕೇಳಿದ, ‘ಮುಂದೆ ಬೆಲೆ ಬರುತ್ತೆ’ ಅಂತೆ. ರಸ್ತೆಯ ಆಚೆ ಡೆನ್ನಿ ಡೋನಟ್ಟಿನ ಡಬ್ಬ ಹಿಡಿದು ಬಂದವರಿಗೆಲ್ಲ ಹಂಚುತ್ತಿದ್ದ.

“ಎಷ್ಟಾಯ್ತು ಬರ್ನಿ?”

“ನಿನ್ ಹೊಟ್ಟೆ ಉರಿಯೋಷ್ಟು!”

ಸಂಜೆ ಏಳೂಕಾಲಿಗೆ ಎಂಟು ಓಟಾಗಿತ್ತು. ಉಳಿದದ್ದು ಒಲ್ಗಾ ಅಜ್ಜಿ ಒಬ್ಬಳೇ. ಎಂಬತ್ತೊಂಬತ್ತು ವರ್ಷ. ಇಪ್ಪತ್ತೊಂದು ತುಂಬಿದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ, ಮತಗಟ್ಟೆ ಮೇಲೆ ಹೋಗುವ ತನಕ. ಅಂಚೆಯಲ್ಲಿ ಕಳಿಸಬಹುದಲ್ಲ ಎಂದರೆ “ಅಂಚೇಲಿ ಹಾಕೋಕೆ ಅದೇನು ಕರೆಂಟ್ ಬಿಲ್ಲಾ?” ಎಂದು ಬಯ್ಯುತ್ತಿದ್ದಳು. ಈ ಸಲ ನೀನು ಕರೆಯಲು ಬಂದರೆ ಬರುತ್ತೇನೆ, ಆದರೆ ಮಂಗಳವಾರದ ಬಿಂಗೋ ಆಟ ಮುಗಿದ ಮೇಲೆ, ಎಂದಿದ್ದಳು. ಬಿಂಗೋ ಮುಗಿಯುವುದೇ ಏಳಕ್ಕೆ.

ಅವಳು ಬಂದರೂ ಒಂಬತ್ತೇ. ಬಿಟ್ಟುಬಿಡೋಣ ಎನಿಸಿತು. ಆದರೆ ಮಾತು ಕೊಟ್ಟಾಗಿತ್ತು. ಸೋಲುವುದಾದರೆ ಒಂಬತ್ತಕ್ಕೇ ಸೋಲೋಣ ಎಂದು ಮೆಟ್ಟಿಲಿಳಿದೆ.

ಕೆಳಗೆ ಒಲ್ಗಾ ಅಜ್ಜಿಯ ಮನೆಯೆದುರು ರೀಜಿಸ್ ನಿಂತಿದ್ದ. ಜೊತೆಗೆ ಟ್ರೂಡಿ, ಅವಳಿಗಳು. ನಡುವೆ ಅಜ್ಜಿಯ ಮರದ ಕುರ್ಚಿ. ನಮ್ಮ ಊರಿನಲ್ಲಿ ಮನೆಯ ಮುಂದೆ ರಸ್ತೆಯಲ್ಲಿ ಕುರ್ಚಿ ಇಟ್ಟರೆ ಅದು ಆ ಮನೆಯವರ ಕಾರು ನಿಲ್ಲಿಸುವ ಜಾಗ. ಅದನ್ನು ಸರಿಸುವುದು ಸಮಾಧಿ ಅಗೆದಷ್ಟೇ ಪಾಪ. ಅಜ್ಜಿಯ ಕಾರು ಮಾರಿ ಮೂವತ್ತು ವರ್ಷವಾಯಿತು, ಕುರ್ಚಿ ಮಾತ್ರ ಅಲ್ಲೇ ಇತ್ತು. ಈಗ ಅದರ ಮೇಲೆ ಅವಳೇ ಕೂತಿದ್ದಳು, ತಲೆಗೆ ಸ್ಕಾರ್ಫ್ ಕಟ್ಟಿ, ಬಿಂಗೋದಲ್ಲಿ ಗೆದ್ದ ಹ್ಯಾಮ್, ಇಡೀ ಒಂದು ಹಂದಿತೊಡೆ, ಮಡಿಲಲ್ಲಿಟ್ಟುಕೊಂಡು.

“ನಾವು ಎತ್ಕೊಂಡೇ ಹೋಗ್ತೀವಿ,” ಎಂದ ರೀಜಿಸ್, ನನ್ನ ಮುಖ ನೋಡದೆ. “ನನ್ ಓಟಂತೂ ದಂಡ. ಬೆನ್ನಾದ್ರೂ ಉಪಯೋಗಕ್ಕೆ ಬರ್ಲಿ.”

“ಹ್ಯಾಮ್ ಇಲ್ಲೇ ಬಿಡಜ್ಜಿ,” ಎಂದಳು ಟ್ರೂಡಿ.

“ಬಿಡಲ್ಲ. ಫೆರಿ ಬೀದೀಲಿ ಕಳ್ಳರಿದ್ದಾರೆ.”

ನಾಲ್ವರು ನಾಲ್ಕು ಕಾಲು ಹಿಡಿದು ಎತ್ತಿದರು. ಬೀದಿಯವರು ಕಿಟಕಿಗೆ ಬಂದರು. ಯಾರೋ ಪಾತ್ರೆ ಬಡಿದರು, ಯಾರೋ ಸಿಳ್ಳೆ ಹಾಕಿದರು. ಅಜ್ಜಿ ರಾಣಿಯ ಹಾಗೆ ಕೈ ಬೀಸುತ್ತ ಹೋದಳು. ಮೆರವಣಿಗೆಯ ಮುಂದೆ ನಾನು. ಸೋಲುವುದು ಖಚಿತವಿದ್ದರೂ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಖುಷಿಯಾಗಿತ್ತು.

ಅರವತ್ತನೆಯ ಮೆಟ್ಟಿಲಿನಲ್ಲಿ ಅಜ್ಜಿ ಕೇಳಿದಳು, “ಎಷ್ಟಾಗಿದೆಯೇ ಬರ್ನಿ?”

“ಎಂಟು. ನಿನ್ನದು ಸೇರಿ ಒಂಬತ್ತು. ಒಂದು ಕಮ್ಮಿ ಅಜ್ಜಿ, ಈ ಮಹಾನುಭಾವನ ದಯೆಯಿಂದ.”

“ನಿನ್ನದೂ ಸೇರ್ಸಿ ಎಂಟಾ?”

“ನನ್ನದು ಅಂದ್ರೆ?”

“ನಿನ್ ಓಟು ಕಣೇ ದಡ್ಡಿ. ನೀನು ಹಾಕಿದ್ದು.”

ನಾನು ನಿಂತೆ. ಕುರ್ಚಿಯೂ ನಿಂತಿತು. ಬೆಳಿಗ್ಗೆ ರೀಜಿಸ್‌ನ ಹಿಂದೆ ಸಾಲಿನಲ್ಲಿದ್ದೆ. ವಾಲ್ಟರ್ ಹೊರಗೆ ಕಳಿಸಿದ. ಹೊರಗೆ ಬಂದವಳು ಹನ್ನೆರಡು ಗಂಟೆ ಹೊತ್ತು ಊರಿಗೆಲ್ಲ ನನ್ನ ಹೆಸರು ಬರೆಯಲು ಹೇಳಿಕೊಟ್ಟೆ. ಪಟ್ಟಿಯಲ್ಲಿದ್ದದ್ದು ನಾನು ಕರೆತರಬೇಕಾದವರ ಹೆಸರು. ನನ್ನನ್ನು ಯಾರು ಕರೆತರಬೇಕು?

“ನಾನು ಓಟೇ ಹಾಕಿಲ್ಲ,” ಎಂದೆ.

ಮೊದಲು ನಕ್ಕವರು ಅವಳಿಗಳು. ಆಮೇಲೆ ಟ್ರೂಡಿ. ಕುರ್ಚಿ ಗಡಗಡ ನಡುಗಿತು.

“ನಗ್ಬೇಡ್ರೋ, ಬೀಳಿಸ್ತೀರ! ಗಂಟೆ ಎಷ್ಟು?” ಎಂದು ಕಿರುಚಿದಳು ಅಜ್ಜಿ.

“ಎಂಟಕ್ಕೆ ಏಳು ನಿಮಿಷ.”

“ಓಡೇ ಬರ್ನಿ!” ಎಂದ ರೀಜಿಸ್. “ನಾವು ಬರ್ತೀವಿ, ನೀನು ಓಡು!”

ಓಡಿದೆ. ಅರವತ್ತಾರು ವರ್ಷದ ಹೆಂಗಸು ಹೇಗೆ ಓಡಬಹುದೋ ಹಾಗೆ, ಕೈಕಂಬಿ ಹಿಡಿದು, ಎರಡು ಮೆಟ್ಟಿಲು ಹಾರಿ, ಒಂದು ಮೆಟ್ಟಿಲಿಗೆ ಉಸಿರು ಬಿಟ್ಟು. ಡೆನ್ನಿಯ ಬಾಯಲ್ಲಿ ಡೋನಟ್ಟು ಹಾಗೇ ನಿಂತಿತು. ವಾಲ್ಟರ್ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಗಡಿಯಾರ ಹಿಡಿದು ನಿಂತಿದ್ದ. ಎಂಟರೊಳಗೆ ಬಾಗಿಲು ದಾಟಿದವರಿಗೆ ಮತಪತ್ರ, ದಾಟದವರಿಗೆ ನಮಸ್ಕಾರ.

“ನಾನು ಒಳಗೆ,” ಎಂದೆ. “ಅಜ್ಜಿ ಬರ್ತಿದ್ದಾಳೆ.”

“ಎಂಟಂದ್ರೆ ಎಂಟು.”

ಚರ್ಚಿನ ಗಂಟೆ ಬಾರಿಸತೊಡಗಿತು. ಮೂರನೆಯ ಬಡಿತಕ್ಕೆ ಸ್ಕಾರ್ಫ್ ಕಾಣಿಸಿತು. ಐದಕ್ಕೆ ಹ್ಯಾಮ್. ಏಳಕ್ಕೆ ಕುರ್ಚಿಯ ಮುಂದಿನ ಎರಡು ಕಾಲು ಹೊಸ್ತಿಲು ದಾಟಿದವು.

“ಕುರ್ಚಿಗೆ ಓಟಿಲ್ಲ,” ಎಂದ ವಾಲ್ಟರ್.

ಅಜ್ಜಿ ಚಪ್ಪಲಿಯ ಪಾದವನ್ನು ಅವನ ಹೊಟ್ಟೆಗೆ ತಾಗುವಷ್ಟು ಮುಂದೆ ಚಾಚಿದಳು. “ತಗೋ. ಇದಕ್ಕಿದೆ.” ಆಗ ಎಂಟನೆಯದು ಬಾರಿಸಿತು. ವಾಲ್ಟರ್ ನಕ್ಕದ್ದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ.

ಪರದೆಯ ಹಿಂದೆ ಪೆನ್ನು ಹಿಡಿದು ನಿಂತಾಗ ವಿಚಿತ್ರ ನಾಚಿಕೆಯಾಯಿತು. ದಿನವಿಡೀ ಹಂಚಿದ ಹೆಸರೇ. ಆದರೆ ಸ್ವಂತ ಕೈಯಲ್ಲಿ ಬರೆದುಕೊಳ್ಳುವುದು ನನ್ನ ಬೆನ್ನು ನಾನೇ ತಟ್ಟಿಕೊಂಡಂತೆ ಅನಿಸಿತು. ಆಗ ಪಕ್ಕದ ಪರದೆಯಿಂದ ಅಜ್ಜಿಯ ದನಿ ಬಂತು.

“ಬರ್ನಿ! ಸೊನ್ನೆ ಕಪ್ಪು ಮಾಡಿದ್ಯೇನೇ?”

“ಮಾತಾಡ್ಬಾರ್ದು!” ಎಂದ ವಾಲ್ಟರ್.

ಬರೆದೆ. ಕಪ್ಪು ಮಾಡಿದೆ. ಕಾಗದ ತೂತಾಗುವಷ್ಟು ಕಪ್ಪು ಮಾಡಿದೆ.

ಎಣಿಕೆ ಮುಗಿಸಿ, ಕೈಬರಹದ ಹೆಸರುಗಳನ್ನು ವಾಲ್ಟರ್ ಬಾಗಿಲಲ್ಲಿ ನಿಂತು ಓದಿದ. “ಬರ್ನಡೆಟ್ ಹುದಾಕ್, ಹತ್ತು. ಒಬ್ಬ ಬೇಸ್‌ಬಾಲ್ ಆಟಗಾರ, ಮೂರು. ‘ಡೆನ್ನಿಯ ಭಾವಮೈದುನ ಬಿಟ್ಟು ಯಾರಾದ್ರೂ’, ಎರಡು.” ಟ್ರೂಡಿ ನನ್ನನ್ನು ಎತ್ತಿ ತಿರುಗಿಸಿದಳು. ನನ್ನ ಕೋಟು ಪೂರ್ತಿ ಹಿಟ್ಟಾಯಿತು. “ಮುಗಿದಿಲ್ಲ,” ಎಂದ ವಾಲ್ಟರ್. “ಆ ಪಕ್ಷದ ಸಮಿತಿಗೆ: ಬರ್ನಡೆಟ್ ಹುದಾಕ್, ಒಂದು.”

ಎಲ್ಲರೂ ರೀಜಿಸ್ ಕಡೆ ನೋಡಿದರು. ಅವನು ಚಾವಣಿ ನೋಡುತ್ತಿದ್ದ.

“ಅಲ್ಲೂ ಖಾಲಿ ಗೆರೆ ಇತ್ತು,” ಎಂದ. “ಇನ್ಯಾರ್ ಹೆಸ್ರು ಬರೀಲಿ ಕಣೇ?”

ಬೆಳಿಗ್ಗೆಯಿಂದ ಬಾಯಿತುಂಬ ಬಯ್ದಿದ್ದೆನಲ್ಲ, ನಾಚಿಕೆಯಾಯಿತು. ಎಲ್ಲರೆದುರೇ ಅವನಿಗೆ ಮುತ್ತು ಕೊಟ್ಟೆ. ಡೆನ್ನಿ ಕೈಕುಲುಕಲು ಬಂದ, ಮುಖ ಹುಳ್ಳಗೆ ಮಾಡಿಕೊಂಡು. ಆಗ ಕುರ್ಚಿಯ ಮೇಲಿಂದ ಅಜ್ಜಿ ಕೇಳಿದಳು:

“ಗೆದ್ದಾಯ್ತಲ್ಲ. ಈಗ ನನ್ನನ್ನ ಇಳಿಸೋರು ಯಾರು?”

ಟ್ರೂಡಿಯ ಕೈ ಸೋತಿತ್ತು. ನಾನು ಡೆನ್ನಿಯ ಕಡೆ ನೋಡಿದೆ. “ಅಧ್ಯಕ್ಷರೇ, ಮುಂದಿನ ಬಲಗಾಲು ನಿಮ್ಮದು.”

ಅಷ್ಟು ಜನರೆದುರು ಇಲ್ಲ ಎನ್ನುವ ಹಾಗಿರಲಿಲ್ಲ. ಹಿಡಿದ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮುಂದಿರುವವರ ಮೇಲೆಯೇ ಭಾರವೆಲ್ಲ. ನಲವತ್ತನೆಯ ಮೆಟ್ಟಿಲಿಗೆ ಅವನ ಟೈ ಬೆನ್ನ ಹಿಂದೆ ಹೋಗಿತ್ತು. ಎಪ್ಪತ್ತಕ್ಕೆ ಮೂರನೆಯ ಸಲ ಕೈ ಬದಲಾಯಿಸಿದ.

“ನವೆಂಬರಿಗೆ... ಮತಗಟ್ಟೆ... ಕೆಳಗೇ ಇರ್ಲಿ ಕಣ್ರಪ್ಪ,” ಎಂದ, ಏದುಸಿರಿನಲ್ಲಿ.

“ನಿಲ್ಸಿ,” ಎಂದಳು ಅಜ್ಜಿ. “ಇಳಿಸಿ ನನ್ನ. ಬಾಯಿಮಾತು ಬೇಡ, ಕೌಂಟಿಗೆ ಇಲ್ಲೇ ಬರೆದುಕೊಡ್ಲಿ.”

ಟ್ರೂಡಿ ಬೇಕರಿಯ ಆರ್ಡರ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟಳು. ಡೆನ್ನಿ ಮೆಟ್ಟಿಲ ಮೇಲೆ ಕೂತು, ಹ್ಯಾಮನ್ನೇ ಮೇಜು ಮಾಡಿಕೊಂಡು ಬರೆದು, ಸಹಿ ಹಾಕಿದ. ಕೆಳಗೆ ನಮ್ಮ ಬೀದಿಯ ಸಮಿತಿ ಸದಸ್ಯರ ಸಹಿಗೆ ಜಾಗ ಬಿಟ್ಟು ಪೆನ್ನನ್ನು ನನಗೆ ಕೊಟ್ಟ. ಈ ಸಲ ನನ್ನ ಹೆಸರು ಬರೆಯಲು ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.