ಕ್ಲಾರಾ ಉಣ್ಣದ ಮೂರು ದಿನ

ಕಾಳಮ್ಮನ ಕೈಯಡುಗೆ ಸೇರಲಿಲ್ಲ ಅಂದವರು ಸುಂಟಿಕೊಪ್ಪದ ಸುತ್ತಮುತ್ತ ಯಾರೂ ಇರಲಿಲ್ಲ. ಇದ್ದರೂ ಅದನ್ನು ಅವಳ ಎದುರಿಗೆ ಹೇಳುವ ಧೈರ್ಯ ಯಾರಪ್ಪನಿಗಿತ್ತು? ವೀಣಮ್ಮನವರ ಹೋಂಸ್ಟೇನಲ್ಲಿ ಒಂಬತ್ತು ವರ್ಷದಿಂದ ಒಲೆ ಮುಂದೆ ನಿಂತವಳು. ಬೆಂಗಳೂರಿನವರು, ಕೇರಳದವರು, ದಿಲ್ಲಿಯವರು ಎಲ್ಲ ಬೆರಳು ನೆಕ್ಕಿಕೊಂಡೇ ಹೋಗಿದ್ದರು. ಅಂಥವಳ ಮಾನ ತೆಗೆಯೋಕೆ ಜರ್ಮನಿಯಿಂದ ಏಳು ವರ್ಷದ ಹುಡುಗಿಯೊಂದು ಬರಬೇಕಾಯಿತು ನೋಡಿ.

ಹೆಸರು ಕ್ಲಾರಾ. ತಾಯಿಯ ಜೊತೆ ಒಂದು ವಾರಕ್ಕೆಂದು ಬಂದಿತ್ತು. ಮೂರು ದಿನವಾಯಿತು, ಎರಡು ಬಾಳೆಹಣ್ಣು, ಅರ್ಧ ಲೋಟ ಹಾಲು ಬಿಟ್ಟರೆ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಕಾಳಮ್ಮ ಅಕ್ಕಿರೊಟ್ಟಿ ಮಾಡಿದಳು, ಕಡುಬು ಮಾಡಿದಳು, ಶಾವಿಗೆಯಂಥ ನೂಲುಪುಟ್ಟಿಗೆ ತೆಂಗಿನಹಾಲು, ಬೆಲ್ಲ ಸುರಿದಳು. ಖಾರದ ಸುಳಿವೂ ಇಲ್ಲದ ಹಾಗೆ ತುಪ್ಪದ ದೋಸೆ ಹುಯ್ದಳು. ಪ್ರತಿ ಸಲವೂ ತಟ್ಟೆ ಮುಂದಿಟ್ಟು, ಸೊಂಟಕ್ಕೆ ಕೈ ಕೊಟ್ಟು ಎದುರಿಗೇ ನಿಂತಳು.

"ತಿನ್ನು ಪುಟ್ಟಾ. ಒಂದೇ ಒಂದು ತುತ್ತು. ಈಟೇ ಈಟು ಕಣವ್ವ."

ಮಗು ತಟ್ಟೆ ನೋಡೋದು, ಕಾಳಮ್ಮನನ್ನು ನೋಡೋದು, ಕಣ್ಣಲ್ಲಿ ನೀರು ತುಂಬಿಕೊಂಡು ತಾಯಿಯ ಬೆನ್ನ ಹಿಂದೆ ಸೇರಿಕೊಳ್ಳೋದು. ಕೊನೆಕೊನೆಗೆ ಕಾಳಮ್ಮ ಅಡುಗೆಮನೆ ಬಾಗಿಲಿಗೆ ಬಂದರೇ ಸಾಕು, ಅದು ಅಲ್ಲಿಂದ ಪರಾರಿ.

ಮೂರನೇ ದಿನ ಮಧ್ಯಾಹ್ನ ಮಗು ಜಗಲಿಯ ಕುರ್ಚಿಯಲ್ಲಿ ಸೊಪ್ಪಾಗಿ ಬಿದ್ದುಕೊಂಡಿತ್ತು. ವೀಣಮ್ಮ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು. "ಹೀಗೇ ಆದ್ರೆ ನಾಳೆ ಹೊರಟುಬಿಡ್ತಾರಂತೆ ಕಾಳಮ್ಮ. ಮೈಸೂರಲ್ಲಿ ಡಾಕ್ಟರಿಗೆ ತೋರಿಸ್ತಾರಂತೆ."

ಕಾಳಮ್ಮ ಬಾಗಿಲಿಂದ ಜಗಲಿ ಕಡೆ ಇಣುಕಿದಳು. ಮಾನ ಹಾಳಾಗಿ ಹೋಗಲಿ, ಯಾರದೋ ಮಗು ತನ್ನ ಒಲೆಯ ಮುಂದೆ ಉಪವಾಸ ಬಿದ್ದು ಕಾಯಿಲೆಯಾದರೆ ಏನು ಗತಿ?

ಆಗಲೇ ಜೀಪು ಓಡಿಸುವ ಗಿರಿ ಕಾಫಿಗೆಂದು ಒಳಗೆ ಬಂದ. "ಕುಶಾಲನಗರದಲ್ಲಿ ಆ ಪಿಜ್ಜಾ ಅಂಗಡಿ ಇದೆಯಲ್ಲ ಕಾಳಕ್ಕ, ಅದು ಇವರ ಊರಲ್ಲೂ ಇದೆಯಂತೆ. ಇವರ ಬೀದಿ ಕೊನೇಲೇ ಅಂತೆ. ಆ ತಾಯಿ ಫೋನಲ್ಲಿ ಫೋಟೋ ತೋರಿಸಿದ್ರು, ಅದೇ ಬೋರ್ಡು, ಅದೇ ಬಣ್ಣ. ಕರ್ಕೊಂಡು ಹೋಗ್ಲಾ?"

"ಥೂ ನಿನ್ನ! ನನ್ನ ಒಲೆ ಉರೀತಿರುವಾಗ ಮಗು ಅಂಗಡಿ ಬ್ರೆಡ್ಡು ತಿನ್ನೋದಾ? ಅದನ್ನ ತಿನ್ನೋಕೆ ಅಷ್ಟು ದೂರದಿಂದ ವಿಮಾನ ಹತ್ತಿ ಬರ್ಬೇಕಿತ್ತಾ? ಅಲ್ಲೇ ಬೀದಿ ಕೊನೇಲಿ ಕೂತು ತಿನ್ನಬಹುದಿತ್ತಲ್ಲ!"

"ಹೌದೌದು," ಅಂದ ಗಿರಿ ಲೋಟ ಊದುತ್ತಾ. "ನೇಪಾಳಕ್ಕೆ ಹೋಗಿ ಇಡ್ಲಿ ಮುಂದೆ ಗೋಳೋ ಅಂತ ಅತ್ತವರು ಯಾರೋ, ನಂಗಂತೂ ಗೊತ್ತಿಲ್ಲಪ್ಪ."

ಅದು ಕಾಳಮ್ಮ ತಾನೇ ನೂರು ಸಲ ಹೇಳಿ ಊರನ್ನೆಲ್ಲ ನಗಿಸಿದ ಕಥೆ. ಪಶುಪತಿನಾಥನ ದರ್ಶನಕ್ಕೆ ಹೋದವಳಿಗೆ ಅಲ್ಲಿನ ಸಾಸಿವೆ ಎಣ್ಣೆಯ ವಾಸನೆ ಹಿಡಿಸದೆ ನಾಲ್ಕು ದಿನ ಬರೀ ನೀರು. ಐದನೇ ದಿನ ಒಂದು ಗಲ್ಲಿಯಲ್ಲಿ ಸಾಂಬಾರಿನ ಘಮ. ಮೇಲೆ ನೋಡಿದರೆ ಉಡುಪಿ ಹೋಟೆಲಿನ ಬೋರ್ಡು! ದೇವರಿಗೂ ಅವಳು ಅಷ್ಟು ಭಕ್ತಿಯಿಂದ ಕೈಮುಗಿದಿರಲಿಲ್ಲ. ಕಥೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಮಾತ್ರ ಅಲ್ಲಿ ಅವಳು ಇಳಿದುಕೊಂಡಿದ್ದ ಲಾಡ್ಜಿನ ಹೆಂಗಸಿನ ಭಾಗಕ್ಕೆ. ಬಿಸಿ ಅನ್ನ ತಂದಿಟ್ಟು, ಸೊಂಟಕ್ಕೆ ಕೈ ಕೊಟ್ಟು, "ಖಾವೋ, ಖಾವೋ" ಅಂತ ತಲೆ ಮೇಲೆ ನಿಲ್ಲುತ್ತಿದ್ದಳಂತೆ. ಅವಳ ಹಾಗೇ ನಿಂತು ತೋರಿಸುತ್ತಿದ್ದಳು ಕಾಳಮ್ಮ.

ಈಗ ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಇನ್ನೊಂದು ಕೈ ಸೊಂಟದ ಮೇಲಿತ್ತು. ಮೆಲ್ಲಗೆ ಕೆಳಗಿಳಿಸಿದಳು.

"ತೆಗಿ ಜೀಪು," ಅಂದಳು. "ನಾನೂ ಬರ್ತೀನಿ."

ಕುಶಾಲನಗರದ ಪೇಟೆ ಬೀದಿಯಲ್ಲಿ ಜೀಪು ತಿರುಗುತ್ತಿದ್ದ ಹಾಗೇ ಮಗು ಬೋರ್ಡು ನೋಡಿ ಕಿಟಾರನೆ ಕಿರುಚಿತು. ಗಾಡಿ ನಿಂತಿತೋ ಇಲ್ಲವೋ, ಇಳಿದು ಓಡಿತು. ಮೂರು ದಿನದಿಂದ ತಾಯಿಯ ಸೆರಗಿಗೆ, ಅಲ್ಲ, ಅಂಗಿಗೆ ಅಂಟಿಕೊಂಡಿದ್ದ ಮಗುವೇನಾ ಇದು! ಕೌಂಟರಿನ ಮೇಲಿನ ಚಿತ್ರಕ್ಕೆ ಬೆರಳಿಟ್ಟು ತಾನೇ ಆರ್ಡರ್ ಕೊಟ್ಟಿತು. ಕಾಗದದ ಕರವಸ್ತ್ರ ಎಲ್ಲಿರುತ್ತೆ, ಕೈ ತೊಳೆಯೋದು ಎಲ್ಲಿ, ಎಲ್ಲ ಅದಕ್ಕೆ ಗೊತ್ತು. ಕಾಳಮ್ಮನ ಕೈ ಹಿಡಿದು ಕರೆದುಕೊಂಡು ಹೋಗಿ ಕಿಟಕಿ ಪಕ್ಕ ಕೂರಿಸಿತು.

ಪಿಜ್ಜಾ ಬಂತು. ಒಂದು ತುಂಡು ಹೋಯಿತು, ಎರಡು, ಮೂರು. ತಾಯಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕಾಳಮ್ಮನಿಗೂ ಎದೆ ಮೇಲಿಂದ ಒರಳುಕಲ್ಲು ಇಳಿಸಿದ ಹಾಗಾಗಿ, "ಅಬ್ಬಾ, ಗೆದ್ದೆ ಕಣಪ್ಪ ದೇವರೇ" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಯಾರ ಕೈಯಡುಗೆಯಾದರೂ ಆಗಲಿ, ಮಗು ಉಂಡಿತಲ್ಲ.

ಆಗ ಮಗು ಒಂದು ತುಂಡು ತೆಗೆದು ಕಾಳಮ್ಮನ ಮುಂದಿಟ್ಟಿತು. ತಿನ್ನು ಅನ್ನೋ ಹಾಗೆ ನೋಡಿತು. ಬೇಡ ಅನ್ನೋಕಾಗುತ್ತಾ? ಕಚ್ಚಿದಳು. ಅದೇನೋ ರಬ್ಬರಿನ ಹಾಗೆ ಎಳೆದಷ್ಟೂ ಬಂತು. ಹುಳಿ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬಾಯಲ್ಲಿದ್ದದ್ದನ್ನು ಹೇಗೋ ನುಂಗಿದಳು, ಮುಂದಕ್ಕೆ ಗಂಟಲು ಒಪ್ಪಲಿಲ್ಲ. ಗಿರಿ ಬೇರೆ ಎದುರಿಗೆ ಕೂತು ಹಲ್ಲು ಕಿರಿಯುತ್ತಿದ್ದ. "ತಿನ್ನಕ್ಕ, ತಿನ್ನು."

ಕಾಳಮ್ಮ ಹೆದರುತ್ತಲೇ ಮಗುವಿನ ಮುಖ ನೋಡಿ ತಲೆಯಾಡಿಸಿದಳು. "ಆಗಲ್ಲ ಪುಟ್ಟಾ. ನಂಗೆ ಬೇಡ."

ಮಗುವಿನ ಮುಖ ಬಾಡಲಿಲ್ಲ. ಒಂದೇ ತುತ್ತು ಅನ್ನಲಿಲ್ಲ. ಸರಿ ಅನ್ನೋ ಹಾಗೆ ತಲೆಯಾಡಿಸಿ, ಕಾಳಮ್ಮ ಕಚ್ಚಿಟ್ಟ ಆ ತುಂಡನ್ನೇ ಎತ್ತಿಕೊಂಡು ತಾನು ತಿನ್ನತೊಡಗಿತು. ತಿನ್ನುತ್ತಲೇ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿತು.

ಕಾಳಮ್ಮನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಬಾಟಲಿಯ ನೀರು ಗಟಗಟ ಕುಡಿದು, ಮಗುವಿನ ತಲೆ ಸವರಿದಳು.

"ಬಿಟ್ಟೆ ಕಣವ್ವ," ಅಂದಳು. "ಇವತ್ತಿಂದ ನಾನೂ ನಿಂಗೆ ತಿನ್ನು ತಿನ್ನು ಅನ್ನೋದು ಬಿಟ್ಟೆ."